ಕಠ್ಮಂಡುವಿನಲ್ಲಿ ಒಂದೇ ದಿನ, ಏಳು ಜಾಗ: ಗೈಡ್ ಟೂರ್ ತಗೊಳ್ಳಬೇಕಾ?

ಗದಗಿನ ಮಗಳು
ಎಲ್ಲರಿಗೂ ನಮಸ್ಕಾರ. ದೀಪಾವಳಿ ಆದ ಮೇಲೆ ಅವ್ವ, ಅಪ್ಪ, ಅತ್ತೆ ಮೂವರನ್ನೂ ಕರೆದುಕೊಂಡು ನೇಪಾಳಕ್ಕೆ ಹೊರಟಿದ್ದೇವೆ. ಕಠ್ಮಂಡುವಿನಲ್ಲಿ ಪೂರ್ತಿ ಸಿಗುವುದು ಒಂದೇ ದಿನ. ಮರುದಿನ ಬೆಳಿಗ್ಗೆ ಪೋಖರಾ ಬಸ್ಸು. ಆ ಒಂದು ದಿನಕ್ಕೆ ಏಜೆಂಟರು ಗೈಡ್ ಸಮೇತ ಟೂರ್ ಹೇಳಿದ್ದಾರೆ. ಪಟ್ಟಿ ಹೀಗಿದೆ: ಸ್ವಯಂಭುನಾಥ, ಕಠ್ಮಂಡು ದರ್ಬಾರ್ ಚೌಕ, ಪಾಟನ್, ಊಟ, ಪಶುಪತಿನಾಥ, ಬೌದ್ಧನಾಥ, ಭಕ್ತಪುರ, ಬುಡಾನೀಲಕಂಠ. ಬೆಳಿಗ್ಗೆ 9ಕ್ಕೆ ಹೊರಟು ಸಂಜೆ 6ಕ್ಕೆ ಹೋಟೆಲ್ ಅಂತೆ.

ಅಪ್ಪನಿಗೆ 72. ಅವ್ವನಿಗೆ ಮೊಣಕಾಲು ನೋವು, ಮೆಟ್ಟಿಲು ಜಾಸ್ತಿ ಹತ್ತಲು ಆಗುವುದಿಲ್ಲ. ಅವರಿಗೆ ಪಶುಪತಿನಾಥನ ದರ್ಶನ ಸರಿಯಾಗಿ ಆದರೆ ಸಾಕು. ನನಗೆ ಹಳೇ ಗುಡಿ, ಅರಮನೆ ನೋಡುವ ಆಸೆ ಬಹಳ. ಇಷ್ಟೂ ಒಂದೇ ದಿನದಲ್ಲಿ ಆಗುತ್ತಾ? ಗೈಡ್ ಬೇಕಾ, ಅಥವಾ ಕಾರು ಮಾಡಿಕೊಂಡು ನಾವೇ ಹೋದರೆ ನಡೆಯುತ್ತಾ? ಹೋಗಿ ಬಂದವರು ದಯವಿಟ್ಟು ಹೇಳಿ.

ನವನಗರ ನಿವಾಸಿ
ಆಗುವುದಿಲ್ಲ ಅಕ್ಕ. ವಯಸ್ಸಾದವರ ಜೊತೆ ಅಂತೂ ಆಗುವುದೇ ಇಲ್ಲ.

ಉಣಕಲ್ ಕೆರೆ ದಂಡೆ
ಮೊದಲು ಆ ಪಟ್ಟಿ ಇಟ್ಟುಕೊಂಡು ಮ್ಯಾಪ್ ನೋಡಿ. ಸ್ವಯಂಭು ಊರಿನ ಪಶ್ಚಿಮಕ್ಕೆ, ಗುಡ್ಡದ ಮೇಲೆ. ಪಾಟನ್ ಬಾಗ್ಮತಿ ನದಿ ದಾಟಿ ದಕ್ಷಿಣಕ್ಕೆ. ಬುಡಾನೀಲಕಂಠ ಉತ್ತರಕ್ಕೆ, ಬೆಟ್ಟದ ಬುಡದಲ್ಲಿ. ಭಕ್ತಪುರ ಪೂರ್ವಕ್ಕೆ, ಸುಮಾರು 13 ಕಿಲೋಮೀಟರ್. ಅಂದರೆ ನಾಲ್ಕೂ ದಿಕ್ಕಿಗೆ ಓಡಬೇಕು, ಪ್ರತಿ ಸಲವೂ ಊರಿನ ಟ್ರಾಫಿಕ್ ದಾಟಬೇಕು. ಅರ್ಧ ದಿನ ಕಾರಿನಲ್ಲೇ ಹೋಗುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಪಶುಪತಿನಾಥನನ್ನು ಊಟದ ನಂತರ ಇಟ್ಟಿದ್ದಾರೆ. ಮಧ್ಯಾಹ್ನ 12ರ ಸುಮಾರಿಗೆ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಮತ್ತೆ ತೆರೆಯುವುದು ಸಂಜೆ 5ರ ಸುಮಾರಿಗೆ. ಎರಡು ಗಂಟೆಗೆ ಹೋದರೆ ಅಂಗಳ ಸಿಗುತ್ತದೆ, ನಂದಿ ಸಿಗುತ್ತದೆ, ಲಿಂಗದ ದರ್ಶನ ಸಿಗುವುದಿಲ್ಲ. ನಿಮ್ಮ ಅಪ್ಪ ಅವ್ವ ಅಷ್ಟು ದೂರ ಹೋಗುವುದೇ ಅದಕ್ಕಾಗಿ. ಏಜೆಂಟರಿಗೆ ಇವತ್ತೇ ಫೋನ್ ಮಾಡಿ, ಪಶುಪತಿಯನ್ನು ಬೆಳಿಗ್ಗೆಗೆ ಹಾಕಿಸಿ.

ಗದಗಿನ ಮಗಳು
ಅಯ್ಯೋ, ಇದನ್ನು ಏಜೆಂಟರು ಹೇಳಲೇ ಇಲ್ಲ. ಬಹಳ ಉಪಕಾರ ಆಯಿತು ಅಣ್ಣಾ.

ಹಾವೇರಿ ಹುಡುಗ
ನಾನು ಒಪ್ಪುವುದಿಲ್ಲ. ನಾವು ಗೆಳೆಯರು ಬೆಳಿಗ್ಗೆ 5ಕ್ಕೆ ಶುರು ಮಾಡಿ ಕತ್ತಲಾಗುವುದರೊಳಗೆ ಬುಡಾನೀಲಕಂಠ ಒಂದು ಬಿಟ್ಟು ಎಲ್ಲ ನೋಡಿದೆವು. ಗೈಡ್ ಇರಲಿಲ್ಲ. ಒಂದು ಕಾರು, ಒಬ್ಬ ಒಳ್ಳೇ ಡ್ರೈವರ್. ಮತ್ತೆ ಯಾವಾಗ ಹೋಗುತ್ತೇವೋ ಗೊತ್ತಿಲ್ಲ, ಹೋದಾಗ ಎಲ್ಲ ನೋಡಿಕೊಂಡು ಬರಬೇಕು ಅಲ್ವಾ?

ಧಾರವಾಡ ಮಾಸ್ತರ
ತಮ್ಮಾ, ಏನೇನು ನೋಡಿದಿರಿ? ಪಾಟನ್‌ನ ಕೃಷ್ಣ ಮಂದಿರದಲ್ಲಿ ಏನು ಕಂಡಿತು ಹೇಳು ನೋಡೋಣ.

ಹಾವೇರಿ ಹುಡುಗ
ಕಲ್ಲಿನ ಗುಡಿ ಸರ್. ಚೆನ್ನಾಗಿತ್ತು. ಎದುರಿಗೆ ಕಂಬದ ಮೇಲೆ ಗರುಡ ಇದೆ.

ಧಾರವಾಡ ಮಾಸ್ತರ
ಅದಕ್ಕೇ ಗೈಡ್ ಬೇಕು ಅನ್ನುವುದು. ಆ ಗುಡಿಯನ್ನು 1637ರಲ್ಲಿ ಕಟ್ಟಿಸಿದವನು ಸಿದ್ಧಿ ನರಸಿಂಹ ಮಲ್ಲ. ಕಠ್ಮಂಡು ಕಣಿವೆಯಲ್ಲಿ ಕಣ್ಣಿಗೆ ಬೀಳುವ ಗುಡಿಗಳು ಹೆಚ್ಚಿನವು ಇಟ್ಟಿಗೆ ಮತ್ತು ಮರದವು, ಒಂದರ ಮೇಲೊಂದು ಇಳಿಜಾರು ಚಾವಣಿ. ಇದು ಪೂರ್ತಿ ಕಲ್ಲು, 21 ಶಿಖರ. ಮೊದಲ ಅಂತಸ್ತಿನ ಸುತ್ತ ಮಹಾಭಾರತದ ಕಥೆ ಕೆತ್ತಿದ್ದಾರೆ, ಎರಡನೇ ಅಂತಸ್ತಿನಲ್ಲಿ ರಾಮಾಯಣ. ಗದಗಿನವರು ಕುಮಾರವ್ಯಾಸನ ಊರಿನವರು. ಅಲ್ಲಿ ನಿಂತು ಆ ಪಟ್ಟಿಕೆಗಳನ್ನು ಒಂದೊಂದಾಗಿ ಗುರುತಿಸುವ ಸಂತೋಷವನ್ನು ಕೈಬಿಟ್ಟು ಬರಬಾರದು.

ನಮ್ಮ ಗೈಡ್ ಪಾಟನ್‌ನವರೇ. ಆ ಕಣಿವೆಯ ಮೂಲ ನಿವಾಸಿಗಳಾದ ನೇವಾರ ಸಮುದಾಯದವರು, ಹಿಂದಿ ಚೆನ್ನಾಗಿ ಬರುತ್ತಿತ್ತು. ಅರಮನೆ ಪಕ್ಕದಲ್ಲಿ ನೆಲದಿಂದ ಕೆಳಗೆ ಮೆಟ್ಟಿಲು ಇಳಿದು ಹೋಗುವ ಒಂದು ನೀರಿನ ತಾಣವಿದೆ, ಮಂಗಾ ಹಿತಿ. 6ನೇ ಶತಮಾನದ್ದು. ಮೊಸಳೆ ಮುಖದ ಕಲ್ಲಿನ ದೋಣಿಯಿಂದ ನೀರು ಬೀಳುತ್ತದೆ. ಗೈಡ್ ಇಲ್ಲದವರು ಅದರ ಮೇಲಿನಿಂದಲೇ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ಅವರು ನಮ್ಮನ್ನು ಕೆಳಗೆ ಇಳಿಸಿ, ನೀರು ಎಲ್ಲಿಂದ ಬರುತ್ತದೆ, ಊರಿನ ಹೆಂಗಸರು ಇವತ್ತಿಗೂ ಹೇಗೆ ಕೊಡ ತುಂಬಿಕೊಳ್ಳುತ್ತಾರೆ ಎಲ್ಲ ಹೇಳಿದರು. ಲಕ್ಕುಂಡಿಯ ಮುಸುಕಿನ ಬಾವಿ ನೋಡಿದವರಿಗೆ ಅಲ್ಲಿ ನಿಂತರೆ ಮೈ ಜುಮ್ ಅನ್ನುತ್ತದೆ. ಅಷ್ಟು ದೂರದ ಎರಡು ಊರು, ಎರಡೂ ಕಡೆ ನೀರಿಗೆ ಗುಡಿಯಷ್ಟೇ ಮರ್ಯಾದೆ.

ಲಕ್ಕುಂಡಿ ಅಭಿಮಾನಿ
ಮಾಸ್ತರ ಲಕ್ಕುಂಡಿ ಹೆಸರು ಎತ್ತಿದ್ದಕ್ಕೆ ಬರೆಯುತ್ತಿದ್ದೇನೆ. ಗದಗಿನಿಂದ ಲಕ್ಕುಂಡಿ 12 ಕಿಲೋಮೀಟರ್. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಅಲ್ಲಿದೆ. ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡದ ಕೆತ್ತನೆ ಲೋಕದಲ್ಲಿ ಎಲ್ಲೂ ಸಿಗುವುದಿಲ್ಲ. ನಮ್ಮ ಜನ ಅದನ್ನು ನೋಡದೆ ವಿಮಾನ ಹತ್ತುತ್ತಾರೆ. ನನಗೆ ಇದು ನಿಜಕ್ಕೂ ನೋವು.

ಗದಗಿನ ಮಗಳು
ನಾವು ನೋಡಿದ್ದೇವೆ ಸರ್. ಅಪ್ಪ ಅಲ್ಲಿಯ ಶಾಲೆಯಲ್ಲೇ ಕೆಲಸ ಮಾಡಿದವರು.

ಲಕ್ಕುಂಡಿ ಅಭಿಮಾನಿ
ಹಾಗಾದರೆ ಸಂತೋಷ ತಾಯಿ. ನಿಮ್ಮ ಅಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ.

ನವನಗರ ನಿವಾಸಿ
ಒಂದನ್ನು ನೋಡಿದರೆ ಇನ್ನೊಂದಕ್ಕೆ ಅವಮಾನ ಆಗುತ್ತದಾ ಸರ್? ಉಣಕಲ್‌ನ ಚಂದ್ರಮೌಳೇಶ್ವರ ಗುಡಿಗೆ ನಾಲ್ಕೂ ದಿಕ್ಕಿಗೆ ಬಾಗಿಲು. ಅಲ್ಲಿ ನಾಲ್ಕು ಮುಖದ ಲಿಂಗವೂ ಇದೆ. ಪಶುಪತಿನಾಥದಲ್ಲೂ ನಾಲ್ಕು ಬಾಗಿಲು, ಚತುರ್ಮುಖ ಲಿಂಗ. ಹೋಗುವ ಮುಂಚೆ ಹುಬ್ಬಳ್ಳಿಯಲ್ಲಿ ಇದನ್ನು ತೋರಿಸಿದರೆ ಹಿರಿಯರಿಗೆ ಅಲ್ಲಿ ಏನು ನೋಡುತ್ತಿದ್ದೇವೆ ಎಂದು ಬೇಗ ಹೊಳೆಯುತ್ತದೆ.

ಉಣಕಲ್ ಕೆರೆ ದಂಡೆ
ಒಳ್ಳೇ ಮಾತು. ಪಶುಪತಿಯಲ್ಲಿ ಬಹಳ ಜನ ಒಂದೇ ಬಾಗಿಲಿನ ಮುಂದೆ ಕೈಮುಗಿದು ಹೊರಟುಬಿಡುತ್ತಾರೆ. ನಾಲ್ಕೂ ಬಾಗಿಲಿಗೆ ಹೋಗಬೇಕು. ಲಿಂಗದ ಮುಖಗಳಲ್ಲಿ ಪೂರ್ವಕ್ಕೆ ತತ್ಪುರುಷ, ದಕ್ಷಿಣಕ್ಕೆ ಅಘೋರ, ಪಶ್ಚಿಮಕ್ಕೆ ಸದ್ಯೋಜಾತ, ಉತ್ತರಕ್ಕೆ ವಾಮದೇವ. ಮೇಲಿನದು ಈಶಾನ, ಅದಕ್ಕೆ ಮುಖ ಕೆತ್ತಿಲ್ಲ. ಸೋಮವಾರ ಮತ್ತು ಶನಿವಾರ ಸಾಲು ಉದ್ದ ಇರುತ್ತದೆ. ನೇಪಾಳದಲ್ಲಿ ವಾರದ ರಜೆ ಶನಿವಾರ, ಅದನ್ನು ನೆನಪಿಡಿ. ಚರ್ಮದ ಬೆಲ್ಟು, ಪರ್ಸು ಹೋಟೆಲಿನಲ್ಲೇ ಬಿಡಿ. ಒಳಗೆ ಫೋಟೋ ತೆಗೆಯುವಂತಿಲ್ಲ.

ಮುಳಗುಂದ ನಾಕಾ
ಅಕ್ಕಾ, ಪಶುಪತಿನಾಥನ ಪೂಜೆ ಮಾಡುವವರು ನಮ್ಮ ಕರ್ನಾಟಕದ ಜಂಗಮರು. ಕನ್ನಡದಲ್ಲೇ ಮಾತಾಡಿಸಿ, ಒಳಗೆ ಕರೆದುಕೊಂಡು ಹೋಗುತ್ತಾರೆ.

ಧಾರವಾಡ ಮಾಸ್ತರ
ಎರಡೂ ತಪ್ಪು. ಕೇದಾರನಾಥದ ರಾವಲರು, ಅಂದರೆ ಮುಖ್ಯ ಅರ್ಚಕರು, ವೀರಶೈವ ಜಂಗಮರು, ಕರ್ನಾಟಕದವರು. ಅದು ಸರಿ. ಪಶುಪತಿನಾಥದಲ್ಲಿ ಪೂಜೆ ಮಾಡುವವರು ಭಟ್ಟರು, ದಕ್ಷಿಣ ಭಾರತದಿಂದ ಹೋದ ಬ್ರಾಹ್ಮಣರು. ಈಚಿನವರು ಹೆಚ್ಚಾಗಿ ನಮ್ಮ ಕರಾವಳಿ ಕಡೆಯವರು. ಲಿಂಗವನ್ನು ಮುಟ್ಟುವ ಹಕ್ಕು ಅವರಿಗೆ ಮಾತ್ರ. ಅವರಿಗೆ ಸಹಾಯ ಮಾಡುವ ಸ್ಥಳೀಯರಿಗೆ ಭಂಡಾರಿ ಎನ್ನುತ್ತಾರೆ. 2008-09ರಲ್ಲಿ ಆಗಿನ ಸರ್ಕಾರ ಭಟ್ಟರ ಬದಲು ನೇಪಾಳದವರನ್ನೇ ನೇಮಿಸಲು ಹೋಯಿತು. ದೊಡ್ಡ ಗದ್ದಲವಾಗಿ ಆ ನಿರ್ಧಾರ ವಾಪಸಾಯಿತು.

ಕನ್ನಡದಲ್ಲಿ ಮಾತಾಡಿಸಿದರೆ ಒಳಗೆ ಬಿಡುತ್ತಾರೆ ಎನ್ನುವುದು ಸುಮ್ನೆ ಮಾತು. ಗರ್ಭಗುಡಿಯೊಳಗೆ ಯಾರನ್ನೂ ಬಿಡುವುದಿಲ್ಲ. ಇಂಥ ಆಸೆ ಹುಟ್ಟಿಸಿದರೆ ವಯಸ್ಸಾದವರು ಅಲ್ಲಿ ಹೋಗಿ ಬೇಜಾರು ಮಾಡಿಕೊಳ್ಳುತ್ತಾರೆ.

ಮುಳಗುಂದ ನಾಕಾ
ಸರಿ ಮಾಸ್ತರ. ಆದರೆ ಜಂಗಮರ ಮಠ ನೇಪಾಳದಲ್ಲಿ ಇದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದೂ ಸುಳ್ಳಾ?

ಧಾರವಾಡ ಮಾಸ್ತರ
ಅದು ಸುಳ್ಳಲ್ಲ. ಭಕ್ತಪುರದಲ್ಲಿ ಜಂಗಮ ಮಠ ಇದೆ, ಹಳೆಯದು. ಟೂರಿನವರು ತೋರಿಸುವುದಿಲ್ಲ. ಗೈಡ್‌ಗೆ ಮೊದಲೇ ಹೇಳಿಟ್ಟರೆ ಕರೆದುಕೊಂಡು ಹೋಗುತ್ತಾರೆ.

ಇನ್ನೊಂದು ನಂಟು ಕೇಳಿ. 1097ರಲ್ಲಿ ನಾನ್ಯದೇವ ಎಂಬವನು ಮಿಥಿಲೆಯಲ್ಲಿ ರಾಜ್ಯ ಕಟ್ಟಿದ. ಅವನ ವಂಶಕ್ಕೆ ಕರ್ನಾಟ ವಂಶ ಎಂದೇ ಹೆಸರು. ರಾಜಧಾನಿ ಸಿಮ್ರೌನಗಢ ಈಗ ನೇಪಾಳದಲ್ಲಿದೆ, ಬಿಹಾರದ ಗಡಿಗೆ ಹತ್ತಿರ. ನಮ್ಮ ಆರನೇ ವಿಕ್ರಮಾದಿತ್ಯನ ದಂಡಿನ ಜೊತೆ ಉತ್ತರಕ್ಕೆ ಹೋದ ಕನ್ನಡದವರು ಇವರು ಎಂದು ಇತಿಹಾಸಕಾರರ ಊಹೆ. 1324ರ ಸುಮಾರಿಗೆ ತುಘಲಕ್ ದಂಡು ಬಂದಾಗ ಕೊನೆಯ ರಾಜ ಹರಿಸಿಂಹದೇವ ಬೆಟ್ಟದ ಕಡೆ ಓಡಿದ. ಅವನ ಮನೆತನದ ಜೊತೆ ಅವರ ಕುಲದೇವತೆ ತಲೇಜು ದೇವಿ ಭಕ್ತಪುರಕ್ಕೆ ಬಂದಳು ಎಂಬ ಕಥೆ ಇದೆ. ಕಠ್ಮಂಡು, ಪಾಟನ್, ಭಕ್ತಪುರ ಮೂರೂ ಅರಮನೆಗಳಲ್ಲಿ ಆ ದೇವಿಯ ಗುಡಿ ಇದೆ. ಲಕ್ಕುಂಡಿಯ ಗುಡಿಗಳು ಏಳುತ್ತಿದ್ದ ಕಾಲದಲ್ಲೇ ನಾನ್ಯದೇವ ಅಲ್ಲಿ ಕೋಟೆ ಕಟ್ಟಿದ್ದು. ಇದನ್ನು ತಿಳಿದು ನೋಡುವುದು ಬೇರೆ, ಪಟ್ಟಿಯಲ್ಲಿ ಟಿಕ್ ಹಾಕಿಕೊಂಡು ಬರುವುದು ಬೇರೆ.

ಹಾವೇರಿ ಹುಡುಗ
ಇದು ಗೊತ್ತೇ ಇರಲಿಲ್ಲ ಸರ್. ಆದರೆ ನಮ್ಮ ಜೊತೆ ಇನ್ನೊಂದು ತಂಡ ಬಂದಿತ್ತು, ಅವರ ಗೈಡ್ ಇದೇನೂ ಹೇಳಲಿಲ್ಲ. ಪ್ರತಿ ಕಡೆ ಹತ್ತು ನಿಮಿಷ, ಆಮೇಲೆ ಸೀದಾ ಅಂಗಡಿ.

ವಿದ್ಯಾನಗರ ವೈನಿ
ಅಂಗಡಿ! ಅದರ ಬಗ್ಗೆ ಯಾರಾದರೂ ಬರೆಯಿರಿ.

ಬ್ಯಾಡಗಿ ವ್ಯಾಪಾರಿ
ನಾನು ಬರೆಯುತ್ತೇನೆ. ಕಡಿಮೆ ದರದ ಟೂರುಗಳಲ್ಲಿ ಗೈಡ್‌ಗೆ ಸಂಬಳ ಬಹಳ ಕಡಿಮೆ. ಅಂಗಡಿಯ ಕಮಿಷನ್‌ನಲ್ಲಿ ಅವರ ದಿನ ನಡೆಯಬೇಕು. ಅದಕ್ಕೇ ಥಾಂಕಾ ಎಂಬ ಬಟ್ಟೆಯ ಮೇಲಿನ ಬೌದ್ಧ ಚಿತ್ರಗಳ ಅಂಗಡಿ, ಕಂಚಿನ ಬಟ್ಟಲು ಬಾರಿಸುವ ಅಂಗಡಿ, ಪಶ್ಮಿನಾ ಶಾಲು, ರುದ್ರಾಕ್ಷಿ ಎಂದು ಸುತ್ತಿಸುತ್ತಾರೆ. ಒಂದೊಂದರಲ್ಲಿ ಮುಕ್ಕಾಲು ಗಂಟೆ. ನಮ್ಮ ಗುಂಪಿನಲ್ಲಿ ಇಂಥ ಮೂರು ಅಂಗಡಿ ಆಗಿ ಭಕ್ತಪುರ ತಲುಪುವಾಗ ಸೂರ್ಯ ಮುಳುಗಿದ್ದ. ಹಿರಿಯರೊಬ್ಬರು ದುಬಾರಿ ರುದ್ರಾಕ್ಷಿ ಮಾಲೆ ಕೊಂಡರು. ನೀರಿನಲ್ಲಿ ಮುಳುಗಿಸಿ ತೋರಿಸಿ "ನೋಡಿ ಅಸಲಿ" ಎಂದರು. ಮುಳುಗುವುದು, ತೇಲುವುದು ಅಸಲಿತನಕ್ಕೆ ಸಾಕ್ಷಿ ಅಲ್ಲ. ಒಣಗಿದ ಒಳ್ಳೇ ಮಣಿಯೂ ತೇಲಬಹುದು.

ನಾನು ವ್ಯಾಪಾರದವನು, ಗೈಡ್ ದುಡಿಯುವುದು ತಪ್ಪು ಎನ್ನುವುದಿಲ್ಲ. ಆದರೆ ಅವನ ದುಡಿಮೆ ನಮ್ಮ ದರ್ಶನದ ಹೊತ್ತನ್ನು ತಿನ್ನಬಾರದು. ಬುಕ್ ಮಾಡುವಾಗಲೇ "ಯಾವ ಅಂಗಡಿಗೂ ನಿಲ್ಲಿಸುವುದಿಲ್ಲ" ಎಂದು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಅದಕ್ಕೆ ಸ್ವಲ್ಪ ಹೆಚ್ಚು ದುಡ್ಡು ಕೇಳಿದರೆ ಕೊಡಿ. ಸರ್ಕಾರದ ಲೈಸೆನ್ಸ್ ಕಾರ್ಡು ಇರುವ ಗೈಡನ್ನೇ ಕೇಳಿ.

ವಿದ್ಯಾನಗರ ವೈನಿ
ಧನ್ಯವಾದ. ನಮ್ಮ ಮನೆಯವರು ಹೋದಾಗಲೂ ಹೀಗೇ ಆಗಿತ್ತು. ಕೊಳ್ಳದೆ ಹೊರಗೆ ಬಂದಿದ್ದಕ್ಕೆ ಗೈಡ್ ಸಂಜೆಯವರೆಗೂ ಮುಖ ಕೊಟ್ಟು ಮಾತಾಡಲಿಲ್ಲ.

ಸಾಧನಕೇರಿ
ನನಗೆ ಅಂಗಡಿಗಿಂತ ಬೇಜಾರಾದದ್ದು ಬೇರೆ. ಪಶುಪತಿಯ ಪಕ್ಕದಲ್ಲೇ ಬಾಗ್ಮತಿ ದಂಡೆಯಲ್ಲಿ ಆರ್ಯಘಾಟ್ ಇದೆ. ದಿನವೂ ಅಲ್ಲಿ ದಹನ ನಡೆಯುತ್ತದೆ. ನಮ್ಮ ಗೈಡ್ ಎದುರಿನ ಮೆಟ್ಟಿಲ ಮೇಲೆ ನಿಲ್ಲಿಸಿ "ಇಲ್ಲಿಂದ ಫೋಟೋ ಚೆನ್ನಾಗಿ ಬರುತ್ತದೆ" ಎಂದ. ಎದುರಿಗೆ ಒಬ್ಬ ಹುಡುಗ ತಲೆ ಬೋಳಿಸಿಕೊಂಡು ತಂದೆಗೆ ಬೆಂಕಿ ಕೊಡುತ್ತಿದ್ದ. ಈ ಕಡೆ ನಮ್ಮವರೇ ಮೊಬೈಲ್ ಎತ್ತಿ ಹಿಡಿದಿದ್ದರು. ನಮ್ಮ ಮನೆಯ ಸಾವನ್ನು ಯಾರಾದರೂ ಹೀಗೆ ಹಿಡಿದುಕೊಂಡರೆ ಸುಮ್ಮನಿರುತ್ತೇವಾ?

ಹಾವೇರಿ ಹುಡುಗ
ಅಲ್ಲಿ ಫೋಟೋಗೆ ಅಡ್ಡಿ ಇಲ್ಲ. ವಿದೇಶಿಯರೂ ತೆಗೆಯುತ್ತಾರೆ.

ಸಾಧನಕೇರಿ
ಅಡ್ಡಿ ಇಲ್ಲ ಎಂದ ಮಾತ್ರಕ್ಕೆ ಮಾಡಬೇಕು ಎಂದಲ್ಲ.

ನವನಗರ ನಿವಾಸಿ
ಸಾಧನಕೇರಿಯವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಹಿರಿಯರನ್ನು ಆ ದಂಡೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ. ನಮ್ಮ ಅಪ್ಪಾಜಿ ಅಲ್ಲಿ ಕೂತು ಬಹಳ ಸಮಾಧಾನ ಪಟ್ಟರು.

ಕೇಶ್ವಾಪುರ
ನಮ್ಮ ಗುಂಪಿನಲ್ಲಿ ಒಬ್ಬರು ಕ್ರಿಶ್ಚಿಯನ್ ಟೀಚರ್ ಇದ್ದಾರೆ. ಅವರಿಗೆ ಪ್ರವೇಶ ಇದೆಯಾ?

ಉಣಕಲ್ ಕೆರೆ ದಂಡೆ
ಮುಖ್ಯ ಗುಡಿಯ ಅಂಗಳದೊಳಗೆ ಹಿಂದೂಗಳಿಗೆ ಮಾತ್ರ ಪ್ರವೇಶ. ಅವರು ಬಾಗ್ಮತಿಯ ಪೂರ್ವ ದಂಡೆಗೆ ಹೋಗಬಹುದು. ಅಲ್ಲಿಂದ ಗುಡಿಯ ಚಾವಣಿ, ಘಾಟು ಎಲ್ಲ ಕಾಣುತ್ತದೆ. ಸಂಜೆ ಅಲ್ಲೇ ಆರತಿ ನಡೆಯುತ್ತದೆ, ಅದಕ್ಕೆ ಎಲ್ಲರೂ ಕೂರಬಹುದು. ಅವರಿಗೆ ಮೊದಲೇ ತಿಳಿಸಿ. ಬಾಗಿಲವರೆಗೆ ಹೋಗಿ ತಡೆಸಿಕೊಂಡರೆ ಮನಸ್ಸಿಗೆ ನೋವಾಗುತ್ತದೆ. ಬೌದ್ಧನಾಥ, ಸ್ವಯಂಭುವಿನಲ್ಲಿ ಇಂಥ ನಿಯಮ ಇಲ್ಲ.

ಗದಗಿನ ಮಗಳು
ಎಲ್ಲರಿಗೂ ಧನ್ಯವಾದ. ಏಜೆಂಟರ ಜೊತೆ ಮಾತಾಡಿದೆ. ಪಟ್ಟಿ ಬದಲಾಯಿಸಲು ಒಪ್ಪಿದ್ದಾರೆ, ಆದರೆ "ಯಾವುದು ಬಿಡಬೇಕು ನೀವೇ ಹೇಳಿ" ಎನ್ನುತ್ತಿದ್ದಾರೆ. ಪಾಟನ್ ಅಥವಾ ಭಕ್ತಪುರ, ಎರಡರಲ್ಲಿ ಒಂದೇ ಎಂದರೆ ಯಾವುದು? ಮಾಸ್ತರ ಬರೆದದ್ದು ಓದಿ ಎರಡೂ ಬೇಕು ಅನಿಸುತ್ತಿದೆ.

ಉಣಕಲ್ ಕೆರೆ ದಂಡೆ
ಭಕ್ತಪುರ. ಕಾರಣ ದಾರಿ. ಪಶುಪತಿ, ಗುಹ್ಯೇಶ್ವರಿ ದೇವಿಯ ಗುಡಿ, ಬೌದ್ಧನಾಥ ಸ್ತೂಪ ಮೂರೂ ಅಕ್ಕಪಕ್ಕ. ಪಶುಪತಿಯಿಂದ ಬೌದ್ಧನಾಥಕ್ಕೆ ಎರಡು ಕಿಲೋಮೀಟರ್ ಆಸುಪಾಸು. ಅಲ್ಲಿಂದ ಭಕ್ತಪುರದ ರಸ್ತೆ ಅದೇ ಪೂರ್ವ ದಿಕ್ಕಿಗೆ. ಊರನ್ನು ಮತ್ತೆ ದಾಟಬೇಕಿಲ್ಲ. ಬೆಳಿಗ್ಗೆ 6ಕ್ಕೆ ಪಶುಪತಿ, 10ರ ಸುಮಾರಿಗೆ ಬೌದ್ಧನಾಥ, ಅಲ್ಲೇ ಮೇಲಿನ ಹೋಟೆಲುಗಳಲ್ಲಿ ಸ್ತೂಪ ನೋಡುತ್ತ ಊಟ, ಮಧ್ಯಾಹ್ನ ಪೂರ್ತಿ ಭಕ್ತಪುರ. ಅವ್ವನವರಿಗೆ ಬೌದ್ಧನಾಥ ಸುಲಭ. ಸುತ್ತ ಸಮತಟ್ಟು, ಸ್ತೂಪ ಬಲಗಡೆ ಇರುವಂತೆ ಒಂದು ಪ್ರದಕ್ಷಿಣೆ ಹಾಕಿದರೆ ಆಯಿತು. 2015ರ ಭೂಕಂಪದಲ್ಲಿ ಮೇಲಿನ ಶಿಖರ ಒಡೆದಿತ್ತು, ಮರುವರ್ಷವೇ ಜನ ಸೇರಿ ಸರಿಮಾಡಿದರು.

ಸ್ವಯಂಭು ಬಿಡಿ. ಪೂರ್ವದ ಕಡೆ 365 ಮೆಟ್ಟಿಲು, ಕಡಿದಾಗಿವೆ. ಹಿಂದಿನಿಂದ ಕಾರು ಹೋಗುತ್ತದೆ ನಿಜ, ಅಲ್ಲಿಂದಲೂ ಸ್ವಲ್ಪ ಹತ್ತಬೇಕು. ಮಂಗಗಳ ಕಾಟ ಬೇರೆ.

ಧಾರವಾಡ ಮಾಸ್ತರ
ನನ್ನ ಮನಸ್ಸು ಪಾಟನ್ ಕಡೆ. ಆದರೂ ಹಿರಿಯರಿರುವಾಗ ಇದೇ ಸರಿ. ಭಕ್ತಪುರದಲ್ಲಿ ನ್ಯಾತಪೋಲ ಗುಡಿಯ ಮುಂದೆ ಹೊತ್ತು ಕೊಡಿ. ಐದು ಚಾವಣಿ, 1702ರಲ್ಲಿ ಭೂಪತೀಂದ್ರ ಮಲ್ಲ ಕಟ್ಟಿಸಿದ್ದು. ಮೆಟ್ಟಿಲಿನ ಎರಡೂ ಬದಿ ಕೆಳಗಿನಿಂದ ಮೇಲಕ್ಕೆ ಪೈಲ್ವಾನರು, ಆನೆ, ಸಿಂಹ, ಹಕ್ಕಿಮೋರೆಯ ಸಿಂಹ, ಮೇಲೆ ದೇವಿಯರು. ಪ್ರತಿ ಜೋಡಿಗೂ ಕೆಳಗಿನ ಜೋಡಿಗಿಂತ ಹತ್ತು ಪಟ್ಟು ಬಲ ಎಂದು ನಂಬಿಕೆ. ಅವ್ವನವರು ಹತ್ತಬೇಕಿಲ್ಲ, ಒಳಗಿನ ಸಿದ್ಧಿಲಕ್ಷ್ಮಿಯನ್ನು ಪೂಜಾರಿಗಳು ಬಿಟ್ಟು ಯಾರೂ ನೋಡುವುದಿಲ್ಲ. ಕೆಳಗೆ ಕೂತು ನೋಡಿದರೇ ಚೆಂದ. 2015ರಲ್ಲಿ ಹತ್ತಿರದ ವತ್ಸಲಾ ದುರ್ಗಾ ಗುಡಿ ಬಿದ್ದುಹೋಯಿತು, ಇಷ್ಟು ಎತ್ತರದ ಇದು ನಿಂತಿತು. ಬಿದ್ದ ಗುಡಿಯನ್ನು ಊರಿನವರೇ ಹಳೇ ಪದ್ಧತಿಯಲ್ಲಿ ಮತ್ತೆ ಕಟ್ಟಿದ್ದಾರೆ. ಟಿಕೆಟ್ ತೆಗೆಸುವಾಗ ಸಾರ್ಕ್ (ದಕ್ಷಿಣ ಏಷ್ಯಾ ದೇಶಗಳ ಕೂಟ) ದೇಶದ ದರ ಎಂದು ಹೇಳಿ, ನಮಗೆ ಬೇರೆ ವಿದೇಶಿಯರಿಗಿಂತ ಕಡಿಮೆ ಇದೆ.

ವಿದ್ಯಾನಗರ ವೈನಿ
ಅಲ್ಲಿ ಮಣ್ಣಿನ ಬಟ್ಟಲಿನಲ್ಲಿ ಜುಜು ಧೌ ಎಂಬ ಗಟ್ಟಿ ಮೊಸರು ಸಿಗುತ್ತದೆ. ಸಿಹಿ. ಹಿರಿಯರಿಗೆ ಖಂಡಿತ ಹಿಡಿಸುತ್ತದೆ. ಊಟದ ಚಿಂತೆ ಇದ್ದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿ. ದಾಲ್ ಭಾತ್ ಎಲ್ಲ ಕಡೆ ಇದೆ, ಆದರೆ ನಮ್ಮವರಿಗೆ ಎರಡು ಹೊತ್ತು ಅನ್ನವೇ ಆದರೆ ಹೊಟ್ಟೆ ತುಂಬಿದ ಹಾಗೆ ಆಗುವುದಿಲ್ಲ.

ಕೇಶ್ವಾಪುರ
ಆಧಾರ್ ಸಾಕಾ? ವಿಮಾನದಲ್ಲಿ ಹೋಗುವವರು ನಾವು.

ಬ್ಯಾಡಗಿ ವ್ಯಾಪಾರಿ
ಸಾಲದು. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ವೋಟರ್ ಕಾರ್ಡು, ಅಸಲಿ ಪ್ರತಿ. 65 ದಾಟಿದವರಿಗೆ ಮತ್ತು 15ರ ಒಳಗಿನ ಮಕ್ಕಳಿಗೆ ಮಾತ್ರ ಆಧಾರ್ ನಡೆಯುತ್ತದೆ. ಆದರೂ ಹಿರಿಯರ ವೋಟರ್ ಕಾರ್ಡು ಇದ್ದರೆ ಇಟ್ಟುಕೊಳ್ಳಿ, ಕೌಂಟರಿನಲ್ಲಿ ವಾದ ಮಾಡುವ ಕೆಲಸ ತಪ್ಪುತ್ತದೆ. ವೀಸಾ ಬೇಕಿಲ್ಲ.

ದುಡ್ಡಿನ ಲೆಕ್ಕ ಸುಲಭ. ನಮ್ಮ 100 ರೂಪಾಯಿಗೆ ಅವರ 160. ಬೆಲೆ ಹೇಳಿದ ಕೂಡಲೇ "ಐಸಿನಾ, ಎನ್‌ಸಿನಾ" ಎಂದು ಕೇಳಿ. ಐಸಿ ಅಂದರೆ ನಮ್ಮ ರೂಪಾಯಿ, ಎನ್‌ಸಿ ಅಂದರೆ ಅವರದು. ಕೇಳದಿದ್ದರೆ ಅಲ್ಲೇ ಜಗಳ. 100ರ ನೋಟು ಜಾಸ್ತಿ ಇಟ್ಟುಕೊಳ್ಳಿ. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವಾರ ವಿಚಾರಿಸಿ. ಗಡಿಯಾರ 15 ನಿಮಿಷ ಮುಂದಿಡಿ.

ಹಾವೇರಿ ಹುಡುಗ
ಅಕ್ಕಾ, ಮಾಸ್ತರ ಹೇಳಿದ್ದು ನೋಡಿ ನಾನು ಮತ್ತೆ ಹೋಗಬೇಕು ಅಂದುಕೊಂಡಿದ್ದೇನೆ. ಆದರೆ ಗೈಡ್ ದಿನವಿಡೀ ಬೇಕಿಲ್ಲ ಎನ್ನುವ ಮಾತನ್ನು ಬಿಡುವುದಿಲ್ಲ. ಪಶುಪತಿಯಲ್ಲಿ ಕೈಮುಗಿಯಲು ಗೈಡ್ ಯಾಕೆ? ಭಕ್ತಪುರದಲ್ಲಿ ಮಾತ್ರ ಅಲ್ಲಿಯವರನ್ನೇ ಅರ್ಧ ದಿನಕ್ಕೆ ಮಾಡಿಕೊಳ್ಳಿ.

ಧಾರವಾಡ ಮಾಸ್ತರ
ಈ ಮಾತು ಒಪ್ಪುತ್ತೇನೆ ತಮ್ಮಾ. ಅಲ್ಲೇ ಹುಟ್ಟಿ ಬೆಳೆದವರು ಸಿಕ್ಕರೆ ಅವರೇ ಬೇಕು.

ಗದಗಿನ ಮಗಳು
ಹಾಗೇ ಮಾಡುತ್ತೇವೆ. ಬೆಳಿಗ್ಗೆ ಪಶುಪತಿನಾಥ, ಆಮೇಲೆ ಬೌದ್ಧನಾಥ, ಮಧ್ಯಾಹ್ನ ಭಕ್ತಪುರದ ಗೈಡ್. ಜಂಗಮ ಮಠವನ್ನೂ ಬರೆದುಕೊಟ್ಟಿದ್ದೇನೆ. ಅಂಗಡಿ ಬೇಡ ಎಂದು ಲಿಖಿತದಲ್ಲಿ ಕೇಳಿದ್ದೇನೆ. ನಾವು ಹೋಗುವುದು ದೀಪಾವಳಿ ಆಗಿ ಹೆಚ್ಚು ಕಡಿಮೆ ತಿಂಗಳಿಗೆ. ಆಗ ಜನ ಕಡಿಮೆ ಇರುತ್ತಾರಾ?

ಉಣಕಲ್ ಕೆರೆ ದಂಡೆ
ದಿನಾಂಕ ನೋಡಿಕೊಳ್ಳಿ! ದೀಪಾವಳಿಯ ನಂತರದ ಅಮಾವಾಸ್ಯೆಯ ಹಿಂದಿನ ದಿನ ಅಲ್ಲಿ ಬಾಲಾ ಚತುರ್ದಶಿ. ತೀರಿಹೋದವರ ಹೆಸರಿನಲ್ಲಿ ರಾತ್ರಿಯೆಲ್ಲ ದೀಪ ಹಚ್ಚಿ ಕೂತು, ಬೆಳಿಗ್ಗೆ ಏಳು ಬಗೆಯ ಕಾಳು ಚೆಲ್ಲುತ್ತ ಪಶುಪತಿಯ ಸುತ್ತ ನಡೆಯುತ್ತಾರೆ. ನೋಡಲು ಬಹಳ ದೊಡ್ಡದು, ಆದರೆ ಮೊಣಕಾಲು ನೋವಿರುವವರಿಗೆ ಆ ನೂಕುನುಗ್ಗಲು ಬೇಡ. ಎರಡು ದಿನ ಆಚೀಚೆ ಮಾಡಿದರೂ ಸಾಕು.

ಗದಗಿನ ಮಗಳು
ನಮ್ಮ ಟಿಕೆಟ್ ಸರಿಯಾಗಿ ಅದೇ ದಿನಕ್ಕೆ ಬೀಳುತ್ತಿದೆ. ಇನ್ನೂ ದುಡ್ಡು ಕಟ್ಟಿಲ್ಲ. ಮುಂದಿನ ವಾರಕ್ಕೆ ಹಾಕಿಸುತ್ತೇನೆ.